ಬಸ್ಸಿಗೂ ಒಂದು ಬಿತ್ತುವಟ್ಟ ಬೇಕು

(ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ ಈಚೆಗೆ ವಿದ್ಯಾರ್ಥಿಗಳು ಮತ್ತು ಊರಿನ ಹಿರಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ನಗರ ಸಾರಿಗೆಯ ಸಾಮಾಜಿಕ ಹೊಣೆಗಾರಿಕೆಯ ಬಗ್ಗೆ ಮಾತನಾಡಬೇಕೆಂದು ಕೇಳಿದಾಗ ನನಗೆ ಸ್ವಲ್ಪ ಅಳುಕಾಯಿತು. ಧರ್ಮಪುರದಲ್ಲಿ ನಿಂತು ಬೆಂಗಳೂರಿನ ಸಿಟಿ ಬಸ್ಸಿನ ಕಥೆ ಹೇಳಿದರೆ, ‘ನಮ್ಮೂರಿಗೆ ಬರುವ ಬಸ್ಸಿನ ಮಾತು ಮೊದಲು ಹೇಳಿ ಸ್ವಾಮಿ’ ಎಂದು ಯಾರಾದರೂ ಎದ್ದು ನಿಂತರೆ ನನ್ನಲ್ಲಿ ಉತ್ತರವಿದೆಯೇ ಎಂದು ಯೋಚಿಸಿದೆ. ಆಮೇಲೆ ಅನ್ನಿಸಿತು, ಎರಡೂ ಒಂದೇ ಕಥೆ. ಈ ಹೋಬಳಿಯ ಎಷ್ಟು ಮನೆಗಳ ಮಕ್ಕಳು ಮಳೆ ಕೈಕೊಟ್ಟ ವರ್ಷಗಳಲ್ಲಿ ತುಮಕೂರು ರಸ್ತೆ ಹಿಡಿದು ಬೆಂಗಳೂರು ಸೇರಿದ್ದಾರೆ ಎಂಬುದು ನಿಮಗೆ ಗೊತ್ತು. ಅಲ್ಲಿ ಇಳಿದವನಿಗೆ ಮೊದಲು ಎದುರಾಗುವುದು ಸಿಟಿ ಬಸ್ಸು. ಇಲ್ಲಿ ಉಳಿದವರಿಗೆ ಹಿರಿಯೂರಿನ ಕಾಲೇಜು, ಆಸ್ಪತ್ರೆ, ಕಚೇರಿಗಳ ದಾರಿಯೂ ಬಸ್ಸೇ. ಆ ಬಸ್ಸನ್ನು ಯಾರು, ಯಾವ ಹಣದಿಂದ, ಯಾರಿಗಾಗಿ ಓಡಿಸಬೇಕು ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ.

‘ಸುಸ್ಥಿರತೆ’ ಎಂಬುದು ಈಗ ಎಲ್ಲರ ಬಾಯಲ್ಲಿರುವ ಪದ. ನಮ್ಮ ಹಿರಿಯರು ಈ ಪದ ಬಳಸುತ್ತಿರಲಿಲ್ಲ. ಕಂಬಳಿ ಕೊಳ್ಳುವಾಗ, ಗಾಡಿ ಮಾಡಿಸುವಾಗ ‘ಬಾಳಿಕೆ ಬರುತ್ತದೆಯೇ?’ ಎಂದು ಕೇಳುತ್ತಿದ್ದರು. ಬಾಳಿಕೆ ಎಂದರೆ ವಸ್ತು ಮುರಿಯದೆ ಉಳಿಯುವುದಷ್ಟೇ ಅಲ್ಲ, ಅದನ್ನು ಉಳಿಸಿಕೊಳ್ಳುವ ಶಕ್ತಿ ಮನೆಗೆ ಇರುವುದೂ ಹೌದು. ಎತ್ತು ಕೊಳ್ಳಲು ಸಾಲ ಸಿಕ್ಕೀತು, ಮೇವು ಎಲ್ಲಿಂದ ತರುವುದು ಎಂಬುದು ಬಾಳಿಕೆಯ ಪ್ರಶ್ನೆ. ಬಸ್ಸಿನ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಯನ್ನು ನಾವು ಸಾಕಷ್ಟು ಕೇಳಿಲ್ಲ. ಇಂದಿನ ನನ್ನ ಮಾತೆಲ್ಲ ಅದರ ಸುತ್ತಲೇ.

ದಾನ ಮತ್ತು ಹೊಣೆ

2013ರ ಕಂಪೆನಿ ಕಾಯಿದೆಯ 135ನೇ ಸೆಕ್ಷನ್ ನಮ್ಮ ದೇಶದ ದೊಡ್ಡ ಕಂಪೆನಿಗಳಿಗೆ ಒಂದು ನಿಯಮ ವಿಧಿಸಿತು. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಶಾಲೆಗೆ ಬೆಂಚು, ಊರಿಗೆ ಶುದ್ಧ ನೀರಿನ ಘಟಕ, ಸಸಿ ನೆಡುವುದು ಇವೆಲ್ಲ ಇದರಲ್ಲಿ ಬರುತ್ತವೆ. ಒಳ್ಳೆಯದೇ. ಆದರೆ ಇಲ್ಲಿ ಹೊಣೆ ಎಂದರೆ ವ್ಯಾಪಾರ ಮುಗಿಸಿ, ಲಾಭ ಎಣಿಸಿ, ಅದರಲ್ಲಿ ಒಂದು ಪಾಲು ಎತ್ತಿಡುವುದು.

ಸರ್ಕಾರಿ ಬಸ್ಸಿಗೆ ಈ ಅಳತೆ ಹೊಂದುವುದಿಲ್ಲ. ನಮ್ಮ ಸಾರಿಗೆ ನಿಗಮಗಳು 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯಡಿ ಹುಟ್ಟಿದವು. ಅವುಗಳ ಕೆಲಸವೇ ಸಮಾಜದ ಕೆಲಸ. ನಿಗಮವೊಂದು ಸಾವಿರ ಸಸಿ ನೆಟ್ಟು, ಅದೇ ವಾರ ಒಂದು ಹಳ್ಳಿಯ ಬಸ್ಸು ನಿಲ್ಲಿಸಿದರೆ ಅದು ಹೊಣೆ ಹೊತ್ತಿತೋ, ಇಳಿಸಿತೋ?

ಈ ವ್ಯತ್ಯಾಸವನ್ನು ತಿಳಿಯಲು ಪ್ಯಾರಿಸ್ಸಿನ ಒಂದು ಹಳೆಯ ಕಥೆ ಸಹಾಯವಾದೀತು. ಗಣಿತ ಓದಿದವರಿಗೆ ಬ್ಲೇಸ್ ಪಾಸ್ಕಲ್‌ನ ಹೆಸರು ಗೊತ್ತು. ಆತ ತನ್ನ ಬದುಕಿನ ಕೊನೆಯ ವರ್ಷ, 1662ರಲ್ಲಿ, ಗೆಳೆಯರ ಜೊತೆಗೂಡಿ ಪ್ಯಾರಿಸ್ಸಿನಲ್ಲಿ ಕುದುರೆ ಗಾಡಿಗಳ ಸೇವೆ ಆರಂಭಿಸಿದ. ನಿಗದಿಯಾದ ದಾರಿ, ನಿಗದಿಯಾದ ವೇಳೆ, ಗಾಡಿ ತುಂಬಿದರೂ ತುಂಬದಿದ್ದರೂ ಹೊರಡಬೇಕು, ಯಾರು ಹತ್ತಿದರೂ ಐದು ಸೋಲ್ ದರ. ಇಂದಿನ ನಗರ ಸಾರಿಗೆಯ ಲಕ್ಷಣಗಳೆಲ್ಲ ಅದರಲ್ಲಿದ್ದವು. ಆ ವರ್ಷ ಬ್ಲುವಾ ಎಂಬ ಪ್ರದೇಶದಲ್ಲಿ ಬಡವರು ಕಷ್ಟದಲ್ಲಿದ್ದರು. ಗಾಡಿಗಳಿಂದ ತನಗೆ ಬರಬೇಕಾದ ಹಣವನ್ನು ಅವರಿಗೆ ಕಳಿಸಬೇಕೆಂದು ಪಾಸ್ಕಲ್ ಹಂಬಲಿಸಿದ. ಇದು ಆತನ ದೊಡ್ಡ ಮನಸ್ಸು. ಆದರೆ ಸೇವೆಗೆ ಅನುಮತಿ ಕೊಡುವಾಗ ಪ್ಯಾರಿಸ್ಸಿನ ನ್ಯಾಯಸಭೆ ಒಂದು ಷರತ್ತು ಹಾಕಿತು. ಸಿಪಾಯಿಗಳು, ಮನೆಯಾಳುಗಳು, ಕೂಲಿಕಾರರು ಈ ಗಾಡಿ ಹತ್ತುವಂತಿಲ್ಲ. ಗಳಿಕೆ ಬಡವರಿಗೆ, ಆಸನ ಉಳ್ಳವರಿಗೆ! ಸೇವೆ ಕೆಲವು ವರ್ಷ ನಡೆದು ನಿಂತುಹೋಯಿತು. ನಗರ ಸಾರಿಗೆ ಮತ್ತೆ ತಲೆಯೆತ್ತಿದ್ದು ಹತ್ತೊಂಬತ್ತನೆಯ ಶತಮಾನದ ಎರಡನೆಯ ಕಾಲು ಭಾಗದಲ್ಲಿ, ಫ್ರಾನ್ಸಿನ ನಾಂತ್ ಮತ್ತು ಇಂಗ್ಲೆಂಡಿನ ಲಂಡನ್ ನಗರಗಳಲ್ಲಿ.

ದಾನಕ್ಕೂ ಹೊಣೆಗೂ ಇರುವ ಅಂತರ ಇಷ್ಟೇ. ಬಡವನಿಗೆ ಹಣ ಕಳಿಸುವುದು ದಾನ. ಬಡವನಿಗೆ ಪಕ್ಕದಲ್ಲಿ ಜಾಗ ಬಿಡುವುದು ಹೊಣೆ. ನಮ್ಮ ನಾಡಿನಲ್ಲಿ ಬಸ್ಸು ಬಂದಾಗ ಅದು ಮಾಡಿದ ದೊಡ್ಡ ಕೆಲಸವೂ ಇದೇ. ಊರಿನ ಬಾವಿಯಲ್ಲಿ, ದೇವಸ್ಥಾನದಲ್ಲಿ, ಹೋಟೆಲಿನಲ್ಲಿ ದೂರ ನಿಲ್ಲಬೇಕಾಗಿದ್ದವನು ಬಸ್ಸಿನಲ್ಲಿ ಟಿಕೆಟ್ ಪಡೆದು ಗೌಡರ ಪಕ್ಕದಲ್ಲಿ ಕುಳಿತ. ಎಲ್ಲ ಕಡೆ, ಎಲ್ಲ ಕಾಲಕ್ಕೂ ಅದು ಸುಲಭವಾಗಿ ಆಯಿತೆಂದಲ್ಲ. ಆದರೂ ಟಿಕೆಟ್ಟಿನ ಮೇಲೆ ಜಾತಿ ಅಚ್ಚಾಗಿರಲಿಲ್ಲ.

ಎರಡು ಸೆಕ್ಷನ್‌ಗಳ ನಡುವೆ

ಬೆಂಗಳೂರಿನ ನಗರ ಸಾರಿಗೆ ಆರಂಭವಾದದ್ದು ಖಾಸಗಿ ಕಂಪೆನಿಯಾಗಿ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿ ಹುಟ್ಟಿತು. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಮಾಡಿತು. ಬಿ.ಟಿ.ಎಸ್. ಎಂಬ ಹೆಸರು ಇಂದಿಗೂ ಹಳಬರ ಬಾಯಲ್ಲಿದೆ. ಇತ್ತ ಊರೂರುಗಳ ಸಾರಿಗೆಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಕೆಲಸ ಶುರುಮಾಡಿತ್ತು. 1961ರಲ್ಲಿ ಇಲಾಖೆ ನಿಗಮವಾಯಿತು, ಬಿ.ಟಿ.ಎಸ್. ಕೂಡ ಅದರೊಳಗೆ ಸೇರಿತು. 1997ರ ಆಗಸ್ಟ್ 15ರಂದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಬೇರೆಯಾಯಿತು. ಅದೇ ವರ್ಷ ಹುಬ್ಬಳ್ಳಿಯ ವಾಯವ್ಯ ಸಂಸ್ಥೆ, 2000ದಲ್ಲಿ ಕಲಬುರಗಿಯ ಈಶಾನ್ಯ ಸಂಸ್ಥೆ ಹುಟ್ಟಿದವು. ಎರಡನೆಯದರ ಹೆಸರು ಈಗ ಕಲ್ಯಾಣ ಕರ್ನಾಟಕ.

ಈ ವಿಭಜನೆಯಿಂದ ಆಡಳಿತ ಹತ್ತಿರವಾಯಿತು, ನಿಜ. ಆದರೆ ನಗರದ ಗಳಿಕೆ ಮತ್ತು ಹಳ್ಳಿಯ ಖರ್ಚು ಬೇರೆ ಬೇರೆ ಲೆಕ್ಕದ ಪುಸ್ತಕಗಳಿಗೆ ಹೋದವು. ಒಂದೇ ಮನೆಯಲ್ಲಿದ್ದಾಗ ದುಡಿಯುವ ಅಣ್ಣ ದುಡಿಮೆಯಿಲ್ಲದ ತಮ್ಮನನ್ನು ಸಾಕುತ್ತಾನೆ. ಮನೆ ಪಾಲಾದ ಮೇಲೆ ಆ ಮಾತು ಬೇರೆ.

1950ರ ಕಾಯಿದೆಯಲ್ಲಿ ಎರಡು ಸೆಕ್ಷನ್‌ಗಳಿವೆ, ನೆನಪಿಡಬೇಕಾದವು. 18ನೆಯದು ದಕ್ಷವಾದ, ಸಾಕಷ್ಟು ಪ್ರಮಾಣದ, ಮಿತವ್ಯಯದ ಸಾರಿಗೆ ಒದಗಿಸುವುದು ನಿಗಮದ ಕರ್ತವ್ಯವೆನ್ನುತ್ತದೆ. 22ನೆಯದು ನಿಗಮ ವ್ಯವಹಾರದ ತತ್ತ್ವಗಳಂತೆ ನಡೆಯಬೇಕೆನ್ನುತ್ತದೆ. ಒಂದು ಕಡೆ ‘ಎಲ್ಲರಿಗೂ ಬಸ್ಸು ಕೊಡು’, ಇನ್ನೊಂದು ಕಡೆ ‘ವ್ಯಾಪಾರದಂತೆ ನಡೆಸು’. ಡಿಪೋ ಮ್ಯಾನೇಜರ್ ಪ್ರತಿದಿನ ಬೆಳಿಗ್ಗೆ ಈ ಎರಡರ ನಡುವೆ ನಿಂತಿರುತ್ತಾನೆ. ಅವನ ಕೈಯಲ್ಲಿ ಒಂದು ಕಾಗದವಿರುತ್ತದೆ. ಯಾವ ಮಾರ್ಗ ಕಿಲೋಮೀಟರಿಗೆ ಎಷ್ಟು ಗಳಿಸಿತು ಎಂಬ ಪಟ್ಟಿ. ಆ ಪಟ್ಟಿಯ ತುದಿಯಲ್ಲಿ ಯಾವಾಗಲೂ ಒಂದು ಹಳ್ಳಿ ಇರುತ್ತದೆ.

ಕೆರೆಯ ಪಾಠ

ನೊಳಂಬರ ನಾಡಿನಲ್ಲಿ ಕುಳಿತಿದ್ದೇವೆ. ಅವರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಗಡಿಯಾಚೆ ಇಲ್ಲಿಗೆ ದೂರವಲ್ಲ. ಈ ಸೀಮೆಯ ಶಾಸನಗಳನ್ನು ಓದುವವರು ಮತ್ತೆ ಮತ್ತೆ ಕಾಣುವ ಒಂದು ಪದ ‘ಬಿತ್ತುವಟ್ಟ’. ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಕೆರೆಯ ನೀರಿನಿಂದ ಬೆಳೆಯುವ ಭೂಮಿಯಲ್ಲೇ ಒಂದು ಪಾಲನ್ನು ಗೊತ್ತುಮಾಡಿ ಬಿಡುತ್ತಿದ್ದರು. ಆ ಹುಟ್ಟುವಳಿಯಿಂದ ಹೂಳೆತ್ತುವ ಬಂಡಿ, ಕೋಣ, ಆಳುಗಳ ಖರ್ಚು ನಡೆಯಬೇಕು. ಏರಿ ಬಿರುಕು ಬಿಟ್ಟರೆ, ತೂಬು ಕಟ್ಟಿದರೆ ರಾಜನ ಬಳಿ ಓಡಬೇಕಿಲ್ಲ.

ಇದರ ಹಿಂದಿನ ತಿಳಿವಳಿಕೆ ದೊಡ್ಡದು. ಕೆರೆ ಕಟ್ಟಿಸಿದವನಿಗೆ ಪುಣ್ಯ ಬರುತ್ತದೆ, ಹೆಸರು ಕಲ್ಲಿನ ಮೇಲೆ ನಿಲ್ಲುತ್ತದೆ. ಪ್ರತಿವರ್ಷ ಹೂಳೆತ್ತಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಹಾಗಾಗಿ ಕಟ್ಟುವುದನ್ನು ಪುಣ್ಯಕ್ಕೆ ಬಿಟ್ಟರೂ ಉಳಿಸುವುದನ್ನು ಪುಣ್ಯಕ್ಕೆ ಬಿಡಲಿಲ್ಲ. ಅದಕ್ಕೆ ಖಾಯಂ ಆದಾಯ ಕಟ್ಟಿದರು. ಯಾರ ಹೊಲಕ್ಕೆ ನೀರು ಹರಿಯಿತೋ ಅವರಿಂದಲೇ ಆ ಆದಾಯ ಬರುವಂತೆ ಮಾಡಿದರು. ನೀರುಗಂಟಿಯ ಕೆಲಸ ತೂಬಿನ ಬಳಿಯ ಗದ್ದೆಗೂ ಕಾಲುವೆಯ ಕೊನೆಯ ಗದ್ದೆಗೂ ಸರದಿಯಂತೆ ನೀರು ಬಿಡುವುದು. ಕೊನೆಯ ಗದ್ದೆಗೆ ನೀರು ಮುಟ್ಟಿದರೆ ಮಾತ್ರ ಆತ ಕೆಲಸ ಮಾಡಿದ ಹಾಗೆ.

ಧರ್ಮಪುರದವರಿಗೆ ಕೆರೆಯ ಮಾತು ಹೊಸದಲ್ಲ. ಈ ಊರಿನ ಕೆರೆಗೆ ಪೂರಕ ನಾಲೆಯ ಮೂಲಕ ನೀರು ತರಬೇಕೆಂದು ದಶಕಗಳಿಂದ ಕೇಳುತ್ತ ಬಂದವರು ನೀವು. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ ಎಂಬುದನ್ನೂ ಕಂಡವರು. ಬಸ್ಸನ್ನು ನಾನು ಒಂದು ಓಡಾಡುವ ಕೆರೆಯೆಂದು ಭಾವಿಸುತ್ತೇನೆ. ಅದರ ನೀರು ತಲುಪಬೇಕಾದ ಕೊನೆಯ ಗದ್ದೆ ಎಲ್ಲಿದೆ, ಅದಕ್ಕೆ ಬಿತ್ತುವಟ್ಟ ಯಾವುದು? ಈ ಎರಡು ಪ್ರಶ್ನೆ ಇಟ್ಟುಕೊಂಡು ನಮ್ಮ ನಿಗಮಗಳು ಮಾಡಿದ್ದನ್ನು ನೋಡೋಣ.

ಗಾಳಿಯ ಲೆಕ್ಕ

ಮೊದಲು ಪರಿಸರ. ಡೀಸೆಲ್ ಬಸ್ಸು ಹೊಗೆ ಉಗುಳುತ್ತದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಕಾಣದ ಲೆಕ್ಕ ಬೇರೆ. ಒಂದು ಲೀಟರ್ ಡೀಸೆಲ್‌ಗೆ ಬಸ್ಸು ನಾಲ್ಕರಿಂದ ಐದು ಕಿಲೋಮೀಟರ್ ಹೋಗುತ್ತದೆ ಎನ್ನೋಣ. ಅದರಲ್ಲಿ 50 ಜನ ಇದ್ದರೆ ಒಬ್ಬೊಬ್ಬರ ಪಾಲಿಗೆ ಲೀಟರಿಗೆ 200 ಕಿಲೋಮೀಟರಿಗೂ ಹೆಚ್ಚು ಬಿತ್ತು. ಯಾವ ಸ್ಕೂಟರೂ ಇಷ್ಟು ಕೊಡುವುದಿಲ್ಲ. ಅದೇ ಬಸ್ಸಿನಲ್ಲಿ ಐದು ಜನ ಇದ್ದರೆ ತಲೆಗೆ ಬೀಳುವುದು ಇಪ್ಪತ್ತು, ಇಪ್ಪತ್ತೈದು. ಆಗ ಸ್ಕೂಟರೇ ಮೇಲು. ಬಸ್ಸಿಗೆ ಹಸಿರು ಬಣ್ಣ ಬಳಿದರೆ ಅದು ಪರಿಸರದ ಗೆಳೆಯನಾಗುವುದಿಲ್ಲ, ಜನ ತುಂಬಿದರೆ ಆಗುತ್ತದೆ. ರಸ್ತೆಯ ಲೆಕ್ಕವೂ ಹೀಗೆಯೇ. ಐವತ್ತು ಜನ ಒಬ್ಬೊಬ್ಬರೇ ಕಾರಿನಲ್ಲಿ ಹೊರಟರೆ ಆ ಕಾರುಗಳ ಸಾಲು 200 ಮೀಟರ್ ಆಗುತ್ತದೆ. ಬಸ್ಸಿನ ಉದ್ದ 12 ಮೀಟರ್.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ನಗರ ಸಾರಿಗೆಯ ಬಸ್ಸುಗಳು ಸುಮಾರು ಏಳು ಸಾವಿರ. ಅಷ್ಟರಲ್ಲೇ ಅವು ದಿನಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಪ್ರಯಾಣಗಳನ್ನು ಸಾಗಿಸುತ್ತವೆ. ಆ ಬಸ್ಸುಗಳು ಒಂದು ದಿನ ನಿಂತರೆ ಬೆಂಗಳೂರು ಏನಾದೀತೆಂದು ಊಹಿಸಬಹುದು. 2010ರ ಫೆಬ್ರವರಿಯಿಂದ ಪ್ರತಿ ತಿಂಗಳ ನಾಲ್ಕನೆಯ ತಾರೀಖನ್ನು ‘ಬಸ್ ದಿನ’ವೆಂದು ಆಚರಿಸಿ, ಅಂದು ಸ್ವಂತ ವಾಹನ ಬಿಟ್ಟು ಬಸ್ ಹತ್ತಿ ಎಂದು ಕರೆ ಕೊಟ್ಟದ್ದು ಈ ಲೆಕ್ಕ ಗೊತ್ತಿದ್ದರಿಂದಲೇ.

ಇಂಧನವೂ ಬದಲಾಗುತ್ತ ಬಂದಿದೆ. ಭಾರತ್ ಸ್ಟೇಜ್ ನಾಲ್ಕರ ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲು. 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಂದ ಸ್ಟೇಜ್ ಆರರಲ್ಲಿ ಅದು 10 ಪಾಲು. 2014ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಬಸ್ಸೊಂದನ್ನು ಪರೀಕ್ಷೆಗೆ ಓಡಿಸಿದರು, ದೇಶದಲ್ಲಿ ಅದು ಮೊದಲನೆಯದು. 2021ರ ಕೊನೆಯಿಂದ ಅಂಥ ಬಸ್ಸುಗಳು ಸಾಲಾಗಿ ರಸ್ತೆಗಿಳಿದವು. 2023ರಲ್ಲಿ ಬೆಂಗಳೂರಿನಿಂದ ದಾವಣಗೆರೆಗೂ ವಿದ್ಯುತ್ ಬಸ್ಸು ಹೊರಟಿತು, ನಮ್ಮ ಹಿರಿಯೂರಿನ ಹೆದ್ದಾರಿಯಲ್ಲೇ. ಆ ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆ ಹೋಗುವಾಗ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಪಕ್ಕದ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ ಹರಡಿರುವ ಸೌರ ಉದ್ಯಾನ 2,050 ಮೆಗಾವಾಟ್ ಸಾಮರ್ಥ್ಯದ್ದು. ಮಳೆ ಕೊಡದ ಆಕಾಶ ನಮಗೆ ಬಿಸಿಲು, ಗಾಳಿ ಕೊಟ್ಟಿದೆ. ನಮ್ಮ ಬಿಸಿಲು, ಗಾಳಿಯಿಂದ ಬರುವ ವಿದ್ಯುತ್ತು ಬೆಂಗಳೂರಿನ ಬಸ್ಸು ಓಡಿಸಲು ನೆರವಾದರೆ ಸಂತೋಷ. ಆ ಬಸ್ಸಿನಲ್ಲಿ ಒಂದು ಇತ್ತಲೂ ತಿರುಗಬೇಕೆಂದು ಕೇಳುವುದು ದುರಾಸೆಯಲ್ಲ.

ವಿದ್ಯುತ್ ಬಸ್ಸಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇವುಗಳಲ್ಲಿ ಹೆಚ್ಚಿನವು ನಿಗಮದ ಸ್ವಂತ ಬಸ್ಸುಗಳಲ್ಲ. ಖಾಸಗಿ ಕಂಪೆನಿ ಬಸ್ಸು ಮತ್ತು ಚಾಲಕನನ್ನು ಒದಗಿಸುತ್ತದೆ, ಕಂಡಕ್ಟರ್ ನಿಗಮದವರು, ಓಡಿದ ಕಿಲೋಮೀಟರಿಗೆ ಇಷ್ಟು ಎಂದು ನಿಗಮ ಹಣ ಕೊಡುತ್ತದೆ. ಒಮ್ಮೆಗೇ ಕೋಟಿಗಟ್ಟಲೆ ಬಂಡವಾಳ ಹಾಕುವ ಭಾರ ತಪ್ಪುತ್ತದೆ ಎಂಬುದು ಇದರ ಅನುಕೂಲ. ಆದರೆ ಒಂದೇ ಬಸ್ಸಿನಲ್ಲಿ ಇಬ್ಬರು ಕೆಲಸಗಾರರು, ಇಬ್ಬರಿಗೆ ಬೇರೆ ಬೇರೆ ಯಜಮಾನರು, ಬೇರೆ ಬೇರೆ ಭದ್ರತೆ. ಸಂಬಳದ ವಿಷಯದಲ್ಲಿ ಗುತ್ತಿಗೆಯ ಚಾಲಕರು ಕೆಲಸ ನಿಲ್ಲಿಸಿ ಪ್ರತಿಭಟಿಸಿದ್ದೂ ಉಂಟು. ಹೊಗೆ ಬಿಡದ ಬಸ್ಸಿನ ಚಾಲಕ ನಿಟ್ಟುಸಿರು ಬಿಡುತ್ತಿದ್ದರೆ ಅದನ್ನು ಬಾಳಿಕೆಯ ಬಸ್ಸು ಎನ್ನಲು ಬರುವುದಿಲ್ಲ.

ಸದ್ದಿಲ್ಲದ ಮಿತವ್ಯಯವನ್ನೂ ಹೇಳಬೇಕು. ಸವೆದ ಟೈರಿಗೆ ಹೊಸ ರಬ್ಬರ್ ಕಟ್ಟಿ ಮತ್ತೆ ಓಡಿಸುವುದು ನಿಗಮಗಳ ಕಾರ್ಯಾಗಾರಗಳಲ್ಲಿ ಹಳೆಯ ರೂಢಿ. ಯಾವ ಚಾಲಕ ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿಸಿದ ಎಂಬ ಲೆಕ್ಕ ಡಿಪೋದಲ್ಲಿ ಇರುತ್ತದೆ. ಈಚಿನ ವರ್ಷಗಳಲ್ಲಿ ರಾಜ್ಯ ಸಾರಿಗೆ ಸಂಸ್ಥೆ ಲಕ್ಷಾಂತರ ಕಿಲೋಮೀಟರ್ ಓಡಿದ ಬಸ್ಸುಗಳನ್ನು ಗುಜರಿಗೆ ಹಾಕದೆ ತನ್ನ ಕಾರ್ಯಾಗಾರಗಳಲ್ಲೇ ಹೊಸದಾಗಿ ಕಟ್ಟಿ ರಸ್ತೆಗೆ ತಂದಿದೆ. 2020ರಲ್ಲಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ಮಾರ್ಪಡಿಸಿ ಬೆಂಗಳೂರಿನ ಮೆಜೆಸ್ಟಿಕ್ ನಿಲ್ದಾಣದಲ್ಲಿ ನಿಲ್ಲಿಸಿತು. ಊರಿನಿಂದ ಮೂರು, ನಾಲ್ಕು ಗಂಟೆ ಕುಳಿತು ಹೋಗುವ ಹೆಣ್ಣುಮಕ್ಕಳಿಗೆ ಅದರ ಬೆಲೆ ಗೊತ್ತು.

ಸೊನ್ನೆಯ ಟಿಕೆಟ್

ಇನ್ನು ಜನರ ಲೆಕ್ಕ. ವಿದ್ಯಾರ್ಥಿ ಪಾಸು, ಅಂಗವಿಕಲರ ಪಾಸು, ಅಂಧರಿಗೆ ಉಚಿತ ಪ್ರಯಾಣ ಇವೆಲ್ಲ ನಿಮಗೆ ಗೊತ್ತಿರುವವು. ಇವುಗಳಿಗಿಂತ ದೊಡ್ಡದಾಗಿ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಮಹಿಳೆಯರು ನಾಲ್ಕೂ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದೆ ಪ್ರಯಾಣಿಸಬಹುದು. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳು 500 ಕೋಟಿ ದಾಟಿದವು. ಗಂಡನ ಮುಂದೆ, ಮಗನ ಮುಂದೆ ಬಸ್ ಚಾರ್ಜಿಗೆ ಕೈಚಾಚುತ್ತಿದ್ದ ಹೆಂಗಸು ತಾನೇ ಹೊರಟು ತವರಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಹೋಗಿಬರುವುದು ಸಣ್ಣ ಬದಲಾವಣೆಯಲ್ಲ. ಬಸ್ಸು ಕಿಕ್ಕಿರಿಯಿತು, ಗಂಡಸರಿಗೆ ಸೀಟಿಲ್ಲ ಎಂಬ ದೂರೂ ನಿಜವೇ. ಆದರೆ ಅದು ಬಸ್ಸು ಕಡಿಮೆ ಇದೆಯೆಂಬ ದೂರು, ಹೆಂಗಸರು ಹೆಚ್ಚಾದರೆಂಬ ದೂರಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕಂಡಕ್ಟರ್ ಮಹಿಳೆಗೆ ಸುಮ್ಮನೆ ‘ಕೂತ್ಕೊಳಮ್ಮ’ ಎನ್ನುವುದಿಲ್ಲ. ಒಂದು ಸೊನ್ನೆಯ ಟಿಕೆಟ್ ಹರಿದು ಕೊಡುತ್ತಾನೆ. ಆ ಟಿಕೆಟ್ಟಿನ ಲೆಕ್ಕ ಹಿಡಿದು ನಿಗಮ ಸರ್ಕಾರದಿಂದ ಹಣ ಪಡೆಯಬೇಕು. ಅಂದರೆ ಪ್ರಯಾಣ ಉಚಿತವಲ್ಲ, ಹಣ ಕೊಡುವ ಕೈ ಬೇರೆ ಅಷ್ಟೇ. ಸರ್ಕಾರ ಆ ಹಣವನ್ನು ಪೂರ್ತಿಯಾಗಿ, ವೇಳೆಗೆ ಸರಿಯಾಗಿ ಕೊಟ್ಟರೆ ಇದು ಬಿತ್ತುವಟ್ಟ. ಬಾಕಿ ಉಳಿಸಿದರೆ ನಿಗಮದ ಮೇಲೆ ಹೊರಿಸಿದ ಸಾಲ.

ಈ ಯೋಜನೆ ಖಾಸಗಿ ಬಸ್ಸಿಗೆ ಅನ್ವಯಿಸುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಬಹುಕಾಲ ಖಾಸಗಿ ಬಸ್ಸುಗಳದೇ ಓಡಾಟ. ಸರ್ಕಾರಿ ಬಸ್ಸು ಕಾಲಿಡದ ಎಷ್ಟೋ ಊರುಗಳಿಗೆ ಅವೇ ದಾರಿ ತೋರಿಸಿದವು, ಅದನ್ನು ಮರೆಯಬಾರದು. ಆದರೆ ಅಂಥ ಊರಿನ ಹೆಣ್ಣುಮಗಳಿಗೆ ಸೊನ್ನೆಯ ಟಿಕೆಟ್ ಕಾಗದದ ಮೇಲಿನ ಹಕ್ಕು ಮಾತ್ರ. ನೀರು ಎಲ್ಲರದ್ದೆಂದು ಸಾರಿದ ಮೇಲೆ ಕಾಲುವೆಯನ್ನೂ ಎಲ್ಲರ ಹೊಲದವರೆಗೆ ತೆಗೆಯಬೇಕು.

ಬಿತ್ತುವಟ್ಟ ಇಲ್ಲದಾಗ

ಖಾಯಂ ಆದಾಯವಿಲ್ಲದೆ ಸೇವೆ ಮಾಡಲು ಹೋದರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿನ ಕೊಪ್ಪದಲ್ಲಿ ಒಂದು ಉದಾಹರಣೆಯಿದೆ. ಬಿಕ್ಕಟ್ಟಿಗೆ ಸಿಕ್ಕ ಖಾಸಗಿ ಬಸ್ ಕಂಪೆನಿಯೊಂದರ ನೌಕರರು 1991ರಲ್ಲಿ ತಾವೇ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ‘ಸಹಕಾರ ಸಾರಿಗೆ’ ಎಂದರೆ ಚಿಕ್ಕಮಗಳೂರು, ಶಿವಮೊಗ್ಗ, ಕರಾವಳಿಯ ಜನಕ್ಕೆ ಮನೆಮಾತು. ಚಾಲಕ, ಕಂಡಕ್ಟರುಗಳೇ ಒಡೆಯರು. ವಿದ್ಯಾರ್ಥಿಗಳಿಗೆ, ಅಂಗವಿಕಲರಿಗೆ ರಿಯಾಯಿತಿ ಕೊಟ್ಟರು, ಕಾಡಿನ ನಡುವಿನ ಊರುಗಳಿಗೂ ಹೋದರು. ಎಪ್ಪತ್ತರ ಸುಮಾರು ಬಸ್ಸುಗಳವರೆಗೆ ಬೆಳೆದ ಆ ಸಂಸ್ಥೆಯನ್ನು ನೋಡಿ ಕಲಿಯಲು ಹೊರಗಿನವರೂ ಬಂದರು. ಡೀಸೆಲ್ ಬೆಲೆ, ತೆರಿಗೆ, ಬಿಡಿಭಾಗದ ಖರ್ಚು ಏರುತ್ತ ಹೋಗಿ, ಕೇಳಿದ ನೆರವು ಸಿಗದೆ, 2020ರ ಫೆಬ್ರವರಿಯಲ್ಲಿ ಅದು ನಿಂತಿತು. ಅವರಲ್ಲಿ ಹೊಣೆಗೆ ಕೊರತೆಯಿರಲಿಲ್ಲ. ಆ ಹೊಣೆಯ ಖರ್ಚು ಹಂಚಿಕೊಳ್ಳುವವರು ಇರಲಿಲ್ಲ.

ಬೆಂಗಳೂರಿನ ನಗರ ಸಾರಿಗೆ ಈ ಶತಮಾನದ ಮೊದಲ ದಶಕದಲ್ಲಿ ಲಾಭದಲ್ಲಿತ್ತು. ದೇಶದ ನಗರ ಸಾರಿಗೆಗಳಲ್ಲಿ ಅದು ಅಪರೂಪ. ಆ ದಿನಗಳಲ್ಲಿ ಬಸ್ಸುಗಳ ಜೊತೆಗೆ ದೊಡ್ಡ ದೊಡ್ಡ ನಿಲ್ದಾಣ ಸಂಕೀರ್ಣಗಳೂ ಎದ್ದವು. ಮಳಿಗೆಗಳ ಬಾಡಿಗೆಯಿಂದ ಬಸ್ಸು ಸಾಕಬಹುದೆಂಬ ಆಲೋಚನೆ ತಪ್ಪಲ್ಲ, ಅದೂ ಒಂದು ಬಗೆಯ ಬಿತ್ತುವಟ್ಟವೇ. ಆದರೆ ಕಟ್ಟಡವೇ ಗುರಿಯಾಗಬಾರದು. ನಮ್ಮ ಕಡೆಯ ಬಸ್ಸುಗಳಿಗಾಗಿ ಪೀಣ್ಯದಲ್ಲಿ ಕಟ್ಟಿದ ಬಸವೇಶ್ವರ ನಿಲ್ದಾಣ 2014ರಲ್ಲಿ ಉದ್ಘಾಟನೆಯಾಯಿತು. ಜನ ಮೆಜೆಸ್ಟಿಕ್ ಬಿಟ್ಟು ಅಲ್ಲಿಗೆ ಹೋಗಲಿಲ್ಲ, ವರ್ಷಗಟ್ಟಲೆ ಅದು ಬಣಗುಟ್ಟಿತು. ಲಾಭದ ದಶಕ ಮುಗಿದ ಮೇಲೆ ನಗರ ಸಾರಿಗೆ ನಷ್ಟಕ್ಕೆ ಇಳಿಯಿತು. 2021ರ ಏಪ್ರಿಲ್‌ನಲ್ಲಿ ನಾಲ್ಕೂ ನಿಗಮಗಳ ನೌಕರರು ಸಂಬಳದ ಪ್ರಶ್ನೆಗಾಗಿ ಎರಡು ವಾರ ಮುಷ್ಕರ ಹೂಡಿದರು. 2025ರ ಜನವರಿಯಲ್ಲಿ ಪ್ರಯಾಣ ದರ ಶೇಕಡ 15 ಏರಿತು. ಇವು ಬಿಡಿ ಬಿಡಿ ಸುದ್ದಿಗಳಂತೆ ಪತ್ರಿಕೆಯಲ್ಲಿ ಬರುತ್ತವೆ. ಕೆರೆಯ ಕಣ್ಣಿನಿಂದ ನೋಡಿದರೆ ಎಲ್ಲವೂ ಒಂದೇ ಏರಿಯ ಬಿರುಕುಗಳು.

2020ರ ಮೇ ತಿಂಗಳನ್ನೂ ನೆನೆಯಬೇಕು. ಲಾಕ್‌ಡೌನ್ ಸಡಿಲಿಸಿದಾಗ ಊರಿಗೆ ಹೊರಟ ಕೂಲಿಕಾರರು ಮೆಜೆಸ್ಟಿಕ್‌ನಲ್ಲಿ ಗಂಟುಮೂಟೆ ಇಟ್ಟುಕೊಂಡು ನಿಂತಿದ್ದರು. ಮೊದಲ ದಿನ ಅವರಿಂದ ಮಾಮೂಲಿಗಿಂತ ಹೆಚ್ಚು ದರ ಕೇಳಲಾಯಿತು, ಟೀಕೆ ಬಂದ ಮೇಲೆ ಕೆಲವು ದಿನ ಉಚಿತ ಮಾಡಲಾಯಿತು. ದರ ಕೇಳಿದ್ದು 22ನೆಯ ಸೆಕ್ಷನ್, ಉಚಿತ ಮಾಡಿದ್ದು 18ನೆಯದು ಎನ್ನಬಹುದೇನೋ. ಹಸಿದವನ ಮುಂದೆ ನಿಂತು ತೀರ್ಮಾನಿಸುವಂತೆ ಆಗಬಾರದು. ಕಷ್ಟಕಾಲದ ಖರ್ಚು ಯಾರದೆಂದು ಮೊದಲೇ ಬರೆದಿಟ್ಟಿರಬೇಕು.

ಬೇರೆ ಊರುಗಳು ಏನು ಮಾಡಿದವು

ಫ್ರಾನ್ಸ್ ದೇಶ 1971ರಲ್ಲಿ ಪ್ಯಾರಿಸ್ ಪ್ರದೇಶಕ್ಕೆ ಒಂದು ಕಾನೂನು ತಂದಿತು. ನಿಗದಿತ ಸಂಖ್ಯೆಗಿಂತ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆ ತಾನು ಕೊಡುವ ಸಂಬಳದ ಮೊತ್ತದ ಮೇಲೆ ಒಂದು ಸಣ್ಣ ಪಾಲನ್ನು ಸಾರ್ವಜನಿಕ ಸಾರಿಗೆಗೆ ಕೊಡಬೇಕು. ಮುಂದೆ ಇದು ಇತರ ನಗರಗಳಿಗೂ ಹರಡಿತು, ಇಂದಿಗೂ ನಡೆಯುತ್ತಿದೆ. ಅದರ ತರ್ಕ ನಮ್ಮ ಶಾಸನಗಳ ತರ್ಕವೇ. ಕೆಲಸಗಾರ ವೇಳೆಗೆ ಸರಿಯಾಗಿ ಬಾಗಿಲಿಗೆ ಬರುವುದರಿಂದ ಲಾಭ ಮಾಲೀಕನಿಗೆ. ನೀರು ಯಾರ ಹೊಲಕ್ಕೆ ಹರಿಯಿತೋ ಅವರು ಹೂಳೆತ್ತುವ ಖರ್ಚು ಕೊಡಲಿ. ಬ್ಲುವಾದ ಬಡವರಿಗಾಗಿ ಪಾಸ್ಕಲ್ ಬಯಸಿದ್ದನ್ನು ಮುನ್ನೂರು ವರ್ಷಗಳ ನಂತರ ಆತನ ನಾಡು ಬೇರೆ ರೀತಿಯಲ್ಲಿ, ದಾನದ ಹಂಗಿಲ್ಲದೆ ಮಾಡಿತು.

ಲಂಡನ್ 2003ರ ಫೆಬ್ರವರಿಯಲ್ಲಿ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ದಿನಕ್ಕೆ 5 ಪೌಂಡ್ ಸುಂಕ ಹಾಕಿತು. ಆ ಹಣ ಸಾರಿಗೆಗೇ ಹೋಗಬೇಕೆಂದು ಕಾನೂನಿನಲ್ಲೇ ಬರೆಯಿತು. ಅಂದರೆ ರಸ್ತೆಯನ್ನು ಹೆಚ್ಚು ಬಳಸುವವನು ಕಡಿಮೆ ಬಳಸುವವನ ಬಸ್ಸಿಗೆ ಕೊಡುತ್ತಾನೆ. ಇವನ್ನು ಹಾಗೆಯೇ ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಬಸ್ಸಿನ ಖರ್ಚನ್ನು ಟಿಕೆಟ್ ಪಡೆದವನೊಬ್ಬನೇ ಹೊರಬೇಕು, ಇಲ್ಲವೇ ಸರ್ಕಾರ ಕೊಟ್ಟಾಗ ಕೊಟ್ಟಷ್ಟು ಎಂಬ ಎರಡೇ ದಾರಿಗಳಿಲ್ಲ ಎಂಬುದಕ್ಕೆ ಇವು ಸಾಕ್ಷಿ. ಬಸ್ಸಿನ ದಾರಿ ಬಂದ ಮೇಲೆ ನಿವೇಶನದ ಬೆಲೆ ಏರುತ್ತದೆ, ಕಾರ್ಖಾನೆಗೆ ಆಳು ಸಿಗುತ್ತಾರೆ, ಸಂತೆಗೆ ಗಿರಾಕಿ ಬರುತ್ತಾರೆ. ಈ ಲಾಭ ಪಡೆದವರ ಹತ್ತಿರ ಬಸ್ಸು ಇದುವರೆಗೆ ಏನನ್ನೂ ಕೇಳಿಲ್ಲ.

ಕೊನೆಯ ಗದ್ದೆ

ಕೊನೆಯದಾಗಿ ನಿಮ್ಮ ಊರಿನ ಮಾತು. ಬಸ್ಸಿನ ಪರಿಸರ ಲೆಕ್ಕ ತುಂಬಿದ ಬಸ್ಸನ್ನು ಕೇಳುತ್ತದೆ, ಸಾಮಾಜಿಕ ಲೆಕ್ಕ ತುಂಬದ ಊರಿಗೂ ಬಸ್ಸನ್ನು ಕೇಳುತ್ತದೆ. ಇವೆರಡೂ ಒಂದಕ್ಕೊಂದು ಎಳೆದಾಡುತ್ತವೆ ಎಂಬುದನ್ನು ಮುಚ್ಚಿಡಬಾರದು. ಐದು ಜನರಿಗಾಗಿ ದೊಡ್ಡ ಬಸ್ಸು ಓಡಿಸುವುದು ಡೀಸೆಲ್ ದಂಡ. ಆ ಐವರಲ್ಲಿ ಒಬ್ಬಳು ಕಾಲೇಜಿನ ಹುಡುಗಿಯಾಗಿದ್ದರೆ, ಇನ್ನೊಬ್ಬರು ಆಸ್ಪತ್ರೆಗೆ ಹೊರಟ ಅಜ್ಜನಾಗಿದ್ದರೆ ಬಸ್ಸು ನಿಲ್ಲಿಸುವುದು ಬದುಕಿಗೆ ದಂಡ. ಇದಕ್ಕೆ ದಾರಿಗಳಿಲ್ಲದಿಲ್ಲ. ಚಿಕ್ಕ ಬಸ್ಸು ಕೇಳಬಹುದು. ಕಾಲೇಜು, ಸಂತೆ, ಆಸ್ಪತ್ರೆಯ ವೇಳೆಗೆ ಟ್ರಿಪ್ಪು ಹೊಂದಿಸಲು ಕೇಳಬಹುದು. ನಷ್ಟದ ಮಾರ್ಗ ಇಂಥದ್ದು, ಅದರ ಖರ್ಚು ಇಷ್ಟು, ಅದನ್ನು ಸರ್ಕಾರ ಹೀಗೆ ತುಂಬಿಕೊಡುತ್ತದೆ ಎಂದು ನಿಗಮ ಪ್ರತಿವರ್ಷ ಊರಿನ ಮುಂದೆ ಬರೆದು ಇಡಲಿ ಎಂದು ಕೇಳಬಹುದು. ‘ಬಸ್ಸು ಬಿಡಿ’ ಎಂಬ ಅರ್ಜಿ ಎಲ್ಲರೂ ಕೊಡುತ್ತಾರೆ. ‘ಬಸ್ಸಿನ ಲೆಕ್ಕ ಕೊಡಿ’ ಎಂಬ ಅರ್ಜಿ ಕೊಡುವ ಊರು ಅಪರೂಪ. ಧರ್ಮಪುರ ಅಂಥ ಊರಾಗಲಿ.

ಹಳ್ಳಿಗಳಲ್ಲಿ ರಾತ್ರಿ ತಂಗುವ ಬಸ್ಸನ್ನು ನೀವೆಲ್ಲ ನೋಡಿದ್ದೀರಿ. ಕತ್ತಲಾದ ಮೇಲೆ ಊರಿನ ಮುಂದೆ ಬಂದು ನಿಲ್ಲುತ್ತದೆ. ಡ್ರೈವರ್, ಕಂಡಕ್ಟರ್ ಅದರಲ್ಲೇ ಸೀಟಿನ ಮೇಲೆ ಹಾಸಿಕೊಂಡು ಮಲಗುತ್ತಾರೆ. ಯಾರೋ ಒಂದು ತಂಬಿಗೆ ನೀರು ತಂದು ಕೊಡುತ್ತಾರೆ, ಯಾರೋ ಊಟ ವಿಚಾರಿಸುತ್ತಾರೆ. ಬೆಳಗಿನ ಜಾವ ಎಂಜಿನ್ ಸದ್ದಾದರೆ ಮೊದಲ ಪಾಳಿಗೆ ಹೊರಡುವವರು ಎದ್ದು ಮುಖ ತೊಳೆಯುತ್ತಾರೆ. ಆ ಬಸ್ಸಿನ ರಾತ್ರಿಯ ಟ್ರಿಪ್ಪು ಕಿಲೋಮೀಟರಿಗೆ ಎಷ್ಟು ಗಳಿಸಿತೆಂದು ಕೇಳಿದರೆ ಉತ್ತರ ಸಣ್ಣದು. ಅದು ಬಂದು ನಿಂತದ್ದರಿಂದ ಬೆಳಿಗ್ಗೆ ಊರು ಬಿಟ್ಟು ಹೊರಡಲು ಆದವರು ಎಷ್ಟು ಜನ ಎಂದು ಕೇಳುವ ಪಟ್ಟಿಯೊಂದು ಡಿಪೋ ಮ್ಯಾನೇಜರನ ಕೈಗೆ ಬರಬೇಕು. ಆ ಪಟ್ಟಿಗೆ ತಕ್ಕ ಹಣವನ್ನು ಒಂದು ಖಾಯಂ ಬಿತ್ತುವಟ್ಟದಿಂದ ಕೊಡುವ ಏರ್ಪಾಡು ಆಗಬೇಕು. ಆಗ ಕೊನೆಯ ಗದ್ದೆಗೂ ನೀರು ಮುಟ್ಟೀತು.